ಚಾಳೀಸಿನ ಕಣ್ಣು, ಕೋವಿಯ ಗುರಿ

ಈ ಸಂಚಿಕೆ ಕೈಗೆ ಬಂದೊಡನೆ ಮೊದಲು ಕಾರ್ಯಕ್ರಮ ಪಟ್ಟಿಯನ್ನು ತಿರುವಿ ನೋಡುವವರು ನೀವಾದರೆ, ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಪುಟವನ್ನು ಕಣ್ಣಿನಿಂದ ಎಷ್ಟು ದೂರದಲ್ಲಿ ಹಿಡಿದಿದ್ದೀರಿ? ಮನೆಯ ಹುಡುಗ ಅದನ್ನು ಮೂಗಿನ ಹತ್ತಿರವೇ ಇಟ್ಟುಕೊಂಡು ಓದಿಬಿಡುತ್ತಾನೆ. ಅವನ ತಂದೆ ಒಂದು ಮೊಳ ದೂರ ಸರಿಸುತ್ತಾರೆ. ತಾತನವರೋ, ಕೈಯನ್ನು ಪೂರ್ತಿ ಚಾಚಿ, ಕತ್ತನ್ನು ಹಿಂದಕ್ಕೆ ಎಳೆದುಕೊಂಡು, ದೀಪದ ಕೆಳಗೆ ಹೋಗಿ ನಿಂತು, ಕಡೆಗೆ “ಅಚ್ಚಿನ ಮನೆಯವರು ಈಚೆಗೆ ಅಕ್ಷರವನ್ನು ಸಣ್ಣದು ಮಾಡಿಬಿಟ್ಟಿದ್ದಾರೆ” ಎಂದು ಆಕ್ಷೇಪಿಸುತ್ತಾರೆ. ಅಕ್ಷರ ಇದ್ದಷ್ಟೇ ಇದೆ, ದಾಟಿರುವುದು ವಯಸ್ಸು. ಈ ದೃಷ್ಟಿದೋಷಕ್ಕೂ ಅದಕ್ಕಾಗಿ ಹಾಕಿಕೊಳ್ಳುವ ಕನ್ನಡಕಕ್ಕೂ ನಮ್ಮಲ್ಲಿ ಒಂದೇ ಹೆಸರು: ಚಾಳೀಸು. ಹಿಂದೂಸ್ತಾನಿಯಲ್ಲಿ ನಲವತ್ತೆಂಬ ಎಣಿಕೆಯಾದದ್ದು ಕನ್ನಡದಲ್ಲಿ ಕಣ್ಣಿನ ಅವಸ್ಥೆಯ ಹೆಸರಾಯಿತು.

ಓದುವವರಿಗೆ ಕೈ ಚಾಚುವ ಉಪಾಯವಾದರೂ ಉಂಟು. ಕೋವಿ ಹಿಡಿದವನಿಗೆ ಅದೂ ಇಲ್ಲ. ಹಿಡಿಯನ್ನು ಭುಜಕ್ಕೆ ಒತ್ತಿ, ಕೆನ್ನೆಯನ್ನು ಮರಕ್ಕೆ ಆನಿಸಿದ ಮೇಲೆ ಕಣ್ಣಿಗೂ ನಳಿಗೆಗೂ ಇರುವ ದೂರ ನಿಶ್ಚಯವಾಗಿಹೋಯಿತು. ಅಲ್ಲಿ ಕಾಣದಿದ್ದರೆ ಕಾಣದು, ಅಷ್ಟೆ. ಈ ಇಕ್ಕಟ್ಟಿನಿಂದ ಪಾರಾಗಲು ಜನ ಏನೇನು ಮಾಡಿದರೆಂಬುದು ಒಂದು ಸ್ವಾರಸ್ಯವಾದ ಚರಿತ್ರೆ. ಅದರಲ್ಲೂ ಅಮೆರಿಕದ ಲೀವರ್ ರೈಫಲಿನ ವಿಷಯದಲ್ಲಿ ಅದು ಸ್ಪಷ್ಟವಾಗಿ ತೋರುತ್ತದೆ. ಏಕೆಂದರೆ ಆ ಕೋವಿಯನ್ನು ಕೊಂಡವರು ಬಹುಮಟ್ಟಿಗೆ ಸಿಪಾಯಿಗಳಲ್ಲ, ಸಂಸಾರಿಗಳು. ಇಪ್ಪತ್ತರಲ್ಲಿ ಕೊಂಡ ಕೋವಿ ಅರವತ್ತರಲ್ಲೂ ಅವರ ಮನೆಯ ಗೋಡೆಯ ಮೇಲಿರುತ್ತಿತ್ತು. ಕೋವಿಗೆ ವಯಸ್ಸಾಗಲಿಲ್ಲ, ಕಣ್ಣಿಗೆ ಆಯಿತು.

ಮೊದಲು ಆ ಕೋವಿಯ ಪರಿಚಯ ಮಾಡಿಕೊಳ್ಳೋಣ. ಬೆರಳುಗಳು ತೂರುವಂಥ ಒಂದು ಕಬ್ಬಿಣದ ಬಳೆ ಅದರ ಹಿಡಿಯ ಕೆಳಗಿರುತ್ತದೆ. ಅದನ್ನು ಕೆಳಕ್ಕೆ ತಳ್ಳಿದರೆ ಸುಟ್ಟ ತೋಟಾ ಹೊರಕ್ಕೆ ಹಾರುತ್ತದೆ. ಮೇಲಕ್ಕೆ ಎಳೆದರೆ ಹೊಸದು ನಳಿಗೆಯೊಳಕ್ಕೆ ಸೇರುತ್ತದೆ. ಈ ಬಳೆಯೇ ಲೀವರ್. ಬೆಂಜಮಿನ್ ಟೈಲರ್ ಹೆನ್ರಿ ಎಂಬಾತ 1860ರಲ್ಲಿ ಪೇಟೆಂಟು ಪಡೆದ ರೈಫಲಿನಿಂದ ಇದರ ಖ್ಯಾತಿ ಆರಂಭವಾಯಿತೆನ್ನಬಹುದು. ಆತ ಕೆಲಸ ಮಾಡುತ್ತಿದ್ದದ್ದು ಕನೆಕ್ಟಿಕಟ್ ಸಂಸ್ಥಾನದ ನ್ಯೂಹೇವನ್ ಪಟ್ಟಣದಲ್ಲಿ, ಆಲಿವರ್ ವಿಂಚೆಸ್ಟರನ ಕಾರ್ಖಾನೆಯಲ್ಲಿ. ಮುಂದೆ ವಿಂಚೆಸ್ಟರನ ಹೆಸರಿನಲ್ಲೇ 1866, 1873, 1876ರ ಮಾದರಿಗಳು ಬಂದವು. ಆಮೇಲೆ ಜಾನ್ ಮೋಸೆಸ್ ಬ್ರೌನಿಂಗ್ ಎಂಬ ಅಸಾಧಾರಣ ಕಮ್ಮಾರನ ಕೈಯಿಂದ 1886, 1892, 1894, 1895ರ ಮಾದರಿಗಳು ರೂಪುಗೊಂಡವು. ಇವುಗಳಲ್ಲಿ 1894ರದು ಒಂದೇ 70 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಹಗುರ, ತೆಳುವು, ಮಧ್ಯದಲ್ಲಿ ಒಂದೇ ಕೈಯಿಂದ ಹಿಡಿದು ದಿನವಿಡೀ ನಡೆಯಬಹುದು. ಕುದುರೆಯ ಜೀನಿನ ಪಕ್ಕದ ಚರ್ಮದ ಚೀಲದಲ್ಲಿ ಸಲೀಸಾಗಿ ಕೂರುತ್ತದೆ. ಅದರ ಜನಪ್ರಿಯತೆಯ ಗುಟ್ಟೇ ಇದು.

ಇನ್ನು ಗುರಿ ಹಿಡಿಯುವ ಸಾಧನ. ಇಂಗ್ಲಿಷಿನಲ್ಲಿ ಇದಕ್ಕೆ ಸೈಟ್ ಎನ್ನುತ್ತಾರೆ. ಬೆಂಗಳೂರಿನವರಿಗೆ ಸೈಟು ಎಂದೊಡನೆ ಮೂವತ್ತು-ನಲವತ್ತರ ನಿವೇಶನ ನೆನಪಾಗುವುದು ಸಹಜ. ಕೋವಿಯವರ ಸೈಟು ಅದಕ್ಕಿಂತ ಬಹಳ ಸಣ್ಣದು! ನಳಿಗೆಯ ತುದಿಯಲ್ಲಿ ಒಂದು ಮಣಿ, ಇತ್ತ ನಳಿಗೆಯ ಹಿಂಭಾಗದಲ್ಲಿ ಕಚ್ಚು ಕೊರೆದ ಒಂದು ಪಟ್ಟಿ. ಹಿಂದಿನ ಕಚ್ಚಿನಲ್ಲಿ ಮುಂದಿನ ಮಣಿಯನ್ನು ಕೂರಿಸಿ, ಆ ಮಣಿಯನ್ನು ಗುರಿಯ ಮೇಲಿಡಬೇಕು. ಹಳೆಯ ಲೀವರ್ ರೈಫಲುಗಳಲ್ಲಿ ಕಚ್ಚಿನ ಎರಡು ಪಕ್ಕವೂ ಗಂಡು ಜಿಂಕೆಯ ಕೊಂಬಿನಂತೆ ಮೇಲೆದ್ದು ಒಳಬಾಗಿರುತ್ತಿದ್ದವು. ನೋಡಲು ಸೊಗಸು. ಆದರೆ ಕಣ್ಣಿಗೆ ಅದೊಂದು ಕಠಿಣವಾದ ಲೆಕ್ಕವನ್ನು ಒಡ್ಡುತ್ತಿತ್ತು.

ಲೆಕ್ಕವೇನೆಂದರೆ, ಕಚ್ಚು ಕಣ್ಣಿನಿಂದ ಸುಮಾರು ಒಂದೂವರೆ ಅಡಿ ದೂರದಲ್ಲಿದೆ. ಮಣಿ ಸುಮಾರು ಮೂರು ಅಡಿ ದೂರದಲ್ಲಿದೆ. ಗುರಿಯೋ ನೂರು ಗಜದಾಚೆ ಇದೆ. ಈ ಮೂರನ್ನೂ ಒಂದೇ ಗಳಿಗೆಯಲ್ಲಿ ಸ್ಪಷ್ಟವಾಗಿ ನೋಡುವುದು ಯಾವ ಕಣ್ಣಿಗೂ ಸಾಧ್ಯವಿಲ್ಲ. ಎಳೆಯ ಕಣ್ಣು ಇದಕ್ಕೊಂದು ಚಮತ್ಕಾರ ಮಾಡುತ್ತದೆ: ಕಚ್ಚಿನಿಂದ ಮಣಿಗೆ, ಮಣಿಯಿಂದ ಗುರಿಗೆ ಕ್ಷಣಮಾತ್ರದಲ್ಲಿ ಹಾರಿ, ಮೂರನ್ನೂ ಕಂಡಂತೆ ಮನಸ್ಸಿಗೆ ವರದಿ ಒಪ್ಪಿಸುತ್ತದೆ. ಹೀಗೆ ಹಾರುವ ಶಕ್ತಿಯಿರುವುದು ಕಣ್ಣಿನೊಳಗಿನ ಮಸೂರದಲ್ಲಿ ಎಂದು 1801ರಲ್ಲಿ ಲಂಡನ್ನಿನ ಥಾಮಸ್ ಯಂಗ್ ತೋರಿಸಿಕೊಟ್ಟರು. ಮಸೂರದ ಸುತ್ತಣ ಸ್ನಾಯು ಬಿಗಿದಾಗ ಅದನ್ನು ಕಟ್ಟಿ ಹಿಡಿದ ಎಳೆಗಳು ಸಡಿಲವಾಗಿ, ಮಸೂರ ಉಬ್ಬಿ, ಹತ್ತಿರದ ವಸ್ತು ಸ್ಪಷ್ಟವಾಗುತ್ತದೆಂದು 1850ರ ದಶಕದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ವಿವರಿಸಿದರು. ವರ್ಷಗಳು ಕಳೆದಂತೆ ಮಸೂರ ಗಡುಸಾಗುತ್ತದೆ, ಉಬ್ಬಲು ಒಲ್ಲದು. ಹಾಲೆಂಡಿನ ಯೂಟ್ರೆಕ್ಟ್ ನಗರದ ವೈದ್ಯ ಡಾಂಡರ್ಸ್ 1864ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಈ ಇಳಿತವನ್ನು ವಯಸ್ಸಿಗೆ ತಕ್ಕಂತೆ ಅಳೆದು ತೋರಿಸಿದರು. ಒಟ್ಟು ಲೆಕ್ಕ ಸುಮಾರಾಗಿ ಹೀಗೆ: 10ನೆಯ ವಯಸ್ಸಿನಲ್ಲಿ 7 ಸೆಂಟಿಮೀಟರ್ ಹತ್ತಿರದ ವಸ್ತುವೂ ಸ್ಪಷ್ಟ, 20ರಲ್ಲಿ 10 ಸೆಂಟಿಮೀಟರ್, 40ರಲ್ಲಿ 22, 50ರಲ್ಲಿ 40, 60ರಲ್ಲಿ ಒಂದು ಮೀಟರ್.

ಈ ಅಂಕಿಗಳನ್ನು ಕೋವಿಯ ಮೇಲೆ ಇಟ್ಟು ನೋಡಿ. ಐವತ್ತರ ಹೊತ್ತಿಗೆ ಕಚ್ಚು ಮಸುಕಾಗುತ್ತದೆ. ಅರವತ್ತಕ್ಕೆ ಮಣಿಯ ಅಂಚೂ ಕರಗತೊಡಗುತ್ತದೆ. ಗುರಿ ಮಾತ್ರ ಮೊದಲಿನಂತೆಯೇ ನಿಚ್ಚಳವಾಗಿ ಕಾಣುತ್ತಿರುತ್ತದೆ. ಮೋಸವಾಗುವುದು ಇಲ್ಲಿಯೇ. “ದೂರದ ಬೆಟ್ಟದ ಮೇಲಿನ ಹಸು ಕಾಣುತ್ತದೆ, ನನ್ನ ಕಣ್ಣಿಗೇನಾಗಿದೆ?” ಎಂದು ಮುದುಕ ಕೇಳುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಆದರೆ ಗುಂಡು ಹೋಗುವುದು ಕಣ್ಣು ಕಂಡ ಕಡೆಗಲ್ಲ, ನಳಿಗೆ ತೋರಿದ ಕಡೆಗೆ. ಕಚ್ಚಿಗೂ ಮಣಿಗೂ ನಡುವೆ ಅರ್ಧ ಮೀಟರ್ ಅಂತರವಿದ್ದು, ಮಸುಕಿನಲ್ಲಿ ಮಣಿ ಒಂದೇ ಮಿಲಿಮೀಟರ್ ಪಕ್ಕಕ್ಕೆ ಸರಿಯಿತೆನ್ನಿ. ನೂರು ಮೀಟರ್ ದೂರದಲ್ಲಿ ಗುಂಡು 20 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣು, ಪಕ್ಕಕ್ಕೆ ಬೀಳುತ್ತದೆ. ಜಿಂಕೆಯ ಎದೆಗೆ ಇಟ್ಟದ್ದು ಹೊಟ್ಟೆಗೆ ತಗಲಲು ಒಂದು ಗೇಣೇ ಸಾಕು.

ಕಣ್ಣಿನ ಕುಂದನ್ನು ಮೊದಲೇ ಅರಿತುಕೊಂಡು ಕೋವಿಯನ್ನು ಅದಕ್ಕೆ ಒಗ್ಗಿಸಿಕೊಂಡವರಲ್ಲಿ ಪ್ರಸಿದ್ಧರು ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್. ಅವರ ದೋಷ ಚಾಳೀಸಲ್ಲ. ಹುಟ್ಟಿನಿಂದ ಬಂದಂಥ ಸಮೀಪದೃಷ್ಟಿ. ಹದಿಮೂರರ ಸುಮಾರಿಗೆ ಮೊದಲ ಕೋವಿ ಕೈಗೆ ಬಂದಾಗ, ಜೊತೆಯವರು ಹೊಡೆಯುತ್ತಿದ್ದ ಹಕ್ಕಿಗಳು ತಮ್ಮ ಕಣ್ಣಿಗೇ ಬೀಳುವುದಿಲ್ಲವೆಂದು ಅವರಿಗೆ ತೋರಿತಂತೆ. ಒಂದು ದಿನ ಗೆಳೆಯರು ದೂರದ ಜಾಹೀರಾತಿನ ಹಲಗೆಯನ್ನು ಗಟ್ಟಿಯಾಗಿ ಓದಿದಾಗ, ಅಲ್ಲಿ ಅಕ್ಷರಗಳಿರುವುದೂ ತಮಗೆ ಕಾಣದೆಂದು ತಿಳಿದು ತಂದೆಗೆ ಹೇಳಿದರು. ಕನ್ನಡಕ ಬಂತು, ಹೊಸ ಲೋಕವೇ ತೆರೆಯಿತು. ಇದನ್ನು ಅವರು 1913ರ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಡಕೋಟದ ಬಯಲಿನಲ್ಲಿ ದನ ಸಾಕುತ್ತಿದ್ದಾಗ ಅವರ ಕೈಯಲ್ಲಿದ್ದದ್ದು 1876ರ ವಿಂಚೆಸ್ಟರ್. ಅದರ ಹಿಡಿಯನ್ನೂ ಸೈಟನ್ನೂ ತಮಗೆ ಒಪ್ಪುವಂತೆ ಮಾಡಿಸಿಕೊಂಡಿದ್ದರೆಂದು ಅವರೇ ತಿಳಿಸಿದ್ದಾರೆ. ಅಧ್ಯಕ್ಷರಾಗಿದ್ದ ಕಾಲದಲ್ಲಿ ಒಬ್ಬ ತರುಣ ಸೇನಾಧಿಕಾರಿಯೊಡನೆ ಮುಷ್ಟಿಯುದ್ಧದ ಅಭ್ಯಾಸ ಮಾಡುವಾಗ ಏಟು ಬಿದ್ದು ಎಡಗಣ್ಣು ಮಂಕಾಯಿತು. ಬಲಗಣ್ಣಿಗೆ ಬಿದ್ದಿದ್ದರೆ ಕೋವಿಯ ಆಸೆಯನ್ನೇ ಬಿಡಬೇಕಾಗಿತ್ತೆಂದು ಅವರು ಸಮಾಧಾನಪಟ್ಟುಕೊಂಡರು. 1909ರಲ್ಲಿ, ಐವತ್ತು ದಾಟಿ, ಆಫ್ರಿಕಕ್ಕೆ ಹೋದಾಗ 1895ರ ಮಾದರಿಯ .405 ವಿಂಚೆಸ್ಟರನ್ನು ಜೊತೆಗೊಯ್ದು, ಸಿಂಹಗಳಿಗೆ ಇದೇ ಮದ್ದು ಎಂಬ ಅರ್ಥದಲ್ಲಿ ಅದನ್ನು ಹೊಗಳಿದರು. ಕನ್ನಡದಲ್ಲಿ ಮದ್ದು ಎಂದರೆ ಔಷಧವೂ ಹೌದು, ಸಿಡಿಯುವ ಪುಡಿಯೂ ಹೌದು. ಅವರ ಮಾತು ನಮ್ಮ ಭಾಷೆಯಲ್ಲಿ ಇನ್ನೂ ಚೆನ್ನಾಗಿ ಹೊಂದುತ್ತದೆ.

ಚಾಳೀಸಿಗೆ ತಕ್ಕ ಪರಿಹಾರವನ್ನು ಕೋವಿಗೆ ಜೋಡಿಸಿ ಹೆಸರು ಮಾಡಿದಾತ ವಿಲಿಯಂ ಲೈಮನ್. ಆತನ ಊರು ಕನೆಕ್ಟಿಕಟ್ಟಿನ ಮಿಡ್ಲ್‌ಫೀಲ್ಡ್. ಪೇಟೆಂಟು ಪಡೆದದ್ದು 1879ರಲ್ಲಿ. ಆತ ಮಾಡಿದ ಉಪಾಯ ಸರಳ. ಮಸುಕಾಗುವ ಕಚ್ಚನ್ನು ನಳಿಗೆಯ ಮೇಲಿಂದ ತೆಗೆದುಬಿಟ್ಟು, ಅದರ ಬದಲು ಕಣ್ಣಿನ ತೀರ ಹತ್ತಿರಕ್ಕೆ, ಹಿಡಿಯ ಕುತ್ತಿಗೆಯ ಮೇಲೆ, ಒಂದು ಸಣ್ಣ ಉಂಗುರವನ್ನು ನಿಲ್ಲಿಸಿದ. ಉಂಗುರದೊಳಗಿಂದ ನೋಡಬೇಕು. ಉಂಗುರವನ್ನು ನೋಡಬಾರದು, ಅದು ಮಸುಕಾಗಿಯೇ ಇರಲಿ. ಕಿಟಕಿಯ ಹತ್ತಿರ ನಿಂತಾಗ ಚೌಕಟ್ಟನ್ನು ಗಮನಿಸದೆ ಬೀದಿಯನ್ನು ನೋಡುತ್ತೇವಲ್ಲ, ಹಾಗೆ. ಮಣಿಯನ್ನು ಉಂಗುರದ ನಡುವೆ ಇಡುವ ಕೆಲಸವನ್ನು ಕಣ್ಣು ತಾನಾಗಿಯೇ ಮಾಡಿಕೊಳ್ಳುತ್ತದೆ. ಮೂರು ದೂರಗಳ ಲೆಕ್ಕ ಎರಡಕ್ಕೆ ಇಳಿಯಿತು. ಜೊತೆಗೆ ಉಂಗುರಕ್ಕೂ ಮಣಿಗೂ ಇರುವ ಅಂತರ ಹೆಚ್ಚಿದ್ದರಿಂದ, ಮಣಿ ಅಷ್ಟೇ ಸರಿದರೂ ಗುಂಡು ತಪ್ಪುವುದು ಕಡಿಮೆಯಾಯಿತು. ಅರ್ಧ ಮೀಟರ್ ಅಂತರ ಮುಕ್ಕಾಲು ಮೀಟರಾದರೆ, ಆ 20 ಸೆಂಟಿಮೀಟರ್ ತಪ್ಪು 13ಕ್ಕೆ ಇಳಿಯುತ್ತದೆ.

ಉಂಗುರದಲ್ಲಿ ಇನ್ನೊಂದು ಗುಣವಿದೆ. ಅದನ್ನು ನೀವು ಮನೆಯಲ್ಲೇ ಪರೀಕ್ಷಿಸಬಹುದು. ದಪ್ಪ ಕಾಗದದ ತುಂಡಿಗೆ ಗುಂಡುಸೂಜಿಯಿಂದ ಒಂದು ತೂತು ಮಾಡಿ. ಚಾಳೀಸು ಕಳಚಿಟ್ಟು, ಒಳ್ಳೆಯ ಬೆಳಕಿನಲ್ಲಿ, ಆ ತೂತಿನ ಮೂಲಕ ಇದೇ ಪುಟವನ್ನು ನೋಡಿ. (ಸೂರ್ಯನ ಕಡೆಗೆ ಮಾತ್ರ ನೋಡಬೇಡಿ.) ಕಲಸಿಹೋಗಿದ್ದ ಅಕ್ಷರಗಳು ಅಂಚು ಕಟ್ಟಿ ನಿಲ್ಲುತ್ತವೆ. ವಸ್ತುವಿನ ಒಂದೊಂದು ಬಿಂದುವಿನಿಂದಲೂ ಬರುವ ಕಿರಣಗಳು ಪಾಪೆಯ ಅಗಲಕ್ಕೆ ಹರಡಿ ಒಳಗೆ ಹೋಗಿ, ಒಂದೆಡೆ ಕೂಡದೆ ಬೊಟ್ಟಿನಂತೆ ಹರಡುವುದೇ ಮಸುಕು. ಸಣ್ಣ ತೂತು ಪಕ್ಕದ ಕಿರಣಗಳನ್ನು ತಡೆದು ಆ ಬೊಟ್ಟನ್ನು ಚಿಕ್ಕದು ಮಾಡುತ್ತದೆ. ಆದ್ದರಿಂದ ಉಂಗುರದ ಮೂಲಕ ನೋಡಿದಾಗ ಮಣಿಯೂ ಗುರಿಯೂ ಎರಡೂ ಸ್ವಲ್ಪ ಸ್ವಲ್ಪ ತಿಳಿಯಾಗುತ್ತವೆ. ಆದರೆ ಯಾವುದೂ ಪುಕ್ಕಟೆಯಾಗಿ ಬರುವುದಿಲ್ಲ: ತೂತು ಸಣ್ಣದಾದಷ್ಟೂ ಬೆಳಕು ಕಡಿಮೆ. ಮಟಮಟ ಮಧ್ಯಾಹ್ನ ಕಾಗದದ ಗುರಿಗೆ ಹೊಡೆಯುವವರಿಗೆ ಸಣ್ಣ ತೂತು ಲೇಸು. ಮುಂಜಾವಿನಲ್ಲೋ ಮುಚ್ಚಂಜೆಯಲ್ಲೋ ಕಾಡಿನಂಚಿನಲ್ಲಿ ನಿಂತವನಿಗೆ ಅದು ಬರಿಯ ಕತ್ತಲೆ. ಲೈಮನ್ನನ ಜಾಣತನ ಕಾಣುವುದು ಇಲ್ಲಿಯೇ. ಆತ ಬೇಟೆಗೆಂದು ತೆಳುವಾದ ಅಂಚಿನ ದೊಡ್ಡ ಉಂಗುರವನ್ನು ಕೊಟ್ಟು, ಸಣ್ಣ ತೂತು ಬೇಕಾದಾಗ ಮಡಿಸಿ ಎತ್ತಿಕೊಳ್ಳುವ ಏರ್ಪಾಡನ್ನೂ ಮಾಡಿದ. ಮುಂದಿನ ಮಣಿಗೂ ದಂತದ ಬಿಳುಪು, ಚಿನ್ನದ ಹೊಳಪು ಬಂದವು. ಕಪ್ಪು ಕಬ್ಬಿಣದ ಮಣಿ ಕಪ್ಪು ಪೊದೆಯಲ್ಲಿ ಕರಗಿಹೋಗುವುದನ್ನು ತಡೆಯುವುದಕ್ಕಾಗಿ ಮಾಡಿದ ಏರ್ಪಾಡು ಅದು.

ಹಾಗಾದರೆ ದುರ್ಬೀನನ್ನೇ ಕೂರಿಸಬಾರದೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ದುರ್ಬೀನಿನೊಳಗಿನ ಅಡ್ಡಗೆರೆಯೂ ದೂರದ ಗುರಿಯೂ ಕಣ್ಣಿಗೆ ಒಂದೇ ತಳದಲ್ಲಿ ಕಾಣುತ್ತವೆ. ಮೂರು ದೂರಗಳು ಒಂದಾಗಿಬಿಡುತ್ತವೆ. ಚಾಳೀಸಿನ ತೊಡಕೇ ಉಳಿಯುವುದಿಲ್ಲ. ನ್ಯೂಯಾರ್ಕ್ ಸಂಸ್ಥಾನದ ಸಿರಕ್ಯೂಸಿನಲ್ಲಿ ವಿಲಿಯಂ ಮ್ಯಾಲ್ಕಮ್ 1855ರಷ್ಟು ಹಿಂದೆಯೇ ರೈಫಲಿಗೆ ದುರ್ಬೀನು ತಯಾರಿಸುತ್ತಿದ್ದ. ಆದರೆ ಅದು ಬಹು ಉದ್ದ, ಬಲು ದುಬಾರಿ. 1930ರಲ್ಲಿ ವೀವರ್ ಎಂಬ ತರುಣ ಸುಮಾರು 19 ಡಾಲರಿಗೆ ದುರ್ಬೀನನ್ನು ಮಾರತೊಡಗಿದ ಮೇಲೆ ಅದು ಸಾಮಾನ್ಯರ ಕೈಗೆ ಎಟುಕಿತು. ಲೀವರ್ ರೈಫಲಿನಲ್ಲಿ ಮಾತ್ರ ಒಂದು ವಿಘ್ನವಿತ್ತು. ವಿಂಚೆಸ್ಟರಿನ ಹಳೆಯ ಮಾದರಿಗಳಲ್ಲಿ ಸುಟ್ಟ ತೋಟಾ ನೇರವಾಗಿ ಮೇಲಕ್ಕೆ ಹಾರುತ್ತದೆ. ಮೇಲೆ ದುರ್ಬೀನಿದ್ದರೆ ಅದಕ್ಕೇ ಬಡಿದು ಒಳಕ್ಕೆ ಬೀಳುತ್ತದೆ. ಕೆಲವರು ದುರ್ಬೀನನ್ನು ಎಡಕ್ಕೆ ಸರಿಸಿ ಕೂರಿಸಿದರು; ಆಗ ಕೆನ್ನೆಗೆ ಮರದ ಆಸರೆ ತಪ್ಪಿತು. ಮಾರ್ಲಿನ್ ಎಂಬ ಪ್ರತಿಸ್ಪರ್ಧಿ ಕಂಪನಿ 1889ರ ಮಾದರಿಯಲ್ಲೇ ತೋಟಾ ಪಕ್ಕಕ್ಕೆ ಹಾರುವಂತೆ ಮಾಡಿ, ಮೇಲ್ಭಾಗವನ್ನು ಗಟ್ಟಿಯಾಗಿ ಮುಚ್ಚಿತ್ತು. ಆಗ ಅದಕ್ಕೆ ಕಾರಣ ದುರ್ಬೀನಲ್ಲ. ಆದರೆ ಅರ್ಧ ಶತಮಾನ ಕಳೆದು, 1948ರ 336ನೆಯ ಮಾದರಿಯ ಹೊತ್ತಿಗೆ, ವಯಸ್ಸಾದ ಬೇಟೆಗಾರರಿಗೆ ಆ ಮುಚ್ಚಿದ ಮೇಲ್ಭಾಗ ವರವಾಗಿ ಪರಿಣಮಿಸಿತು. ವಿಂಚೆಸ್ಟರಿನವರು ತೋಟಾ ಓರೆಯಾಗಿ ಹಾರುವಂತೆ ತಿದ್ದಿಕೊಂಡದ್ದು 1980ರ ದಶಕದ ಆರಂಭದಲ್ಲಿ. ಈ ನಡುವೆ, 1975ರಲ್ಲಿ, ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಗಾಜಿನ ಮೇಲೆ ಕೆಂಪು ಚುಕ್ಕಿಯೊಂದನ್ನು ತೋರಿಸುವ ಸಾಧನವನ್ನು ತಂದಿತು. ಚುಕ್ಕಿಯೂ ದೂರದಲ್ಲೇ ಇದ್ದಂತೆ ಕಾಣುವುದರಿಂದ ಅದೂ ಮುಪ್ಪಿನ ಕಣ್ಣಿಗೆ ಹಿತ. ಕಣ್ಣಿನ ಮೇಲ್ಮೈ ಒಂದೇ ಸಮನಾಗಿಲ್ಲದವರಿಗೆ ಮಾತ್ರ ಅದು ಚುಕ್ಕಿಯಾಗಿರದೆ ಚೆದುರಿದ ಕುಂಕುಮದಂತೆ ತೋರುತ್ತದೆ.

ಇಷ್ಟು ಚರಿತ್ರೆಯಿಂದ ಆಯ್ಕೆಯ ಸೂತ್ರ ತಾನಾಗಿಯೇ ಹೊರಡುತ್ತದೆ. ಕೊಂಬಿನಾಕಾರದ ಕಚ್ಚು ಮಸುಕಾಗಿ, ಮಣಿ ಇನ್ನೂ ಸ್ಪಷ್ಟವಾಗಿದ್ದರೆ ಉಂಗುರ ಸಾಕು. ಕೋವಿಯ ಹಗುರ, ಸೊಬಗು ಎರಡೂ ಉಳಿಯುತ್ತವೆ. ಜೋರಾಗಿ ಒದೆಯುವ ಕೋವಿಯಾದರೆ ಉಂಗುರವನ್ನು ಹಿಡಿಯ ಕುತ್ತಿಗೆಯ ಮೇಲಿಡದೆ ಸ್ವಲ್ಪ ಮುಂದಕ್ಕೆ ಇಡಬೇಕು. ಇಲ್ಲದಿದ್ದರೆ ಕಣ್ಣಿಗೇ ಅಪಾಯ. ಮಣಿಯೂ ಕರಗತೊಡಗಿದರೆ ಕನ್ನಡಕದ ವೈದ್ಯರ ಬಳಿ ಹೋಗಿ, ದೂರದ ನೋಟದ ಗಾಜಿಗೆ ಅರ್ಧ ಡಯಾಪ್ಟರ್ ಸೇರಿಸಿದ ಜೋಡಿಯೊಂದನ್ನು ಪರೀಕ್ಷಿಸಿ ನೋಡಬಹುದು. ಓದುವ ಚಾಳೀಸು ಇದಕ್ಕೆ ಬಾರದು. ಅದರಲ್ಲಿ ಮಣಿಯೂ ಸರಿಯಾಗಿ ಕಾಣದು, ಗುರಿಯಂತೂ ಮಾಯವೇ ಆಗುತ್ತದೆ. ಎರಡು ಭಾಗದ ಗಾಜಿನಲ್ಲಿ ಓದುವ ಭಾಗವಿರುವುದು ಕೆಳಗೆ. ಕೋವಿಗೆ ಕೆನ್ನೆಯಿಟ್ಟಾಗ ನೋಟ ಹಾಯುವುದು ಮೇಲಂಚಿನಲ್ಲಿ. ಇದಾವುದೂ ಒಗ್ಗದಿದ್ದರೆ ದುರ್ಬೀನೋ ಕೆಂಪು ಚುಕ್ಕಿಯೋ ಗತಿ. ದುರ್ಬೀನಾದರೆ ಹೆಚ್ಚು ದೊಡ್ಡದು ಮಾಡಿ ತೋರಿಸುವುದನ್ನಲ್ಲ, ಕಡಿಮೆ ಶಕ್ತಿಯದನ್ನು ಆರಿಸಬೇಕು. ಚಾಳೀಸಿನವನಿಗೆ ಬೇಕಾದದ್ದು ದೊಡ್ಡ ಗುರಿಯಲ್ಲ, ಸ್ಪಷ್ಟವಾದ ಗೆರೆ. ಕಣ್ಣಿನ ಮುಂದೆ ಮಂಜು ಕವಿದಂತಿದ್ದು, ದೀಪದ ಸುತ್ತ ಪ್ರಭೆ ಕಾಣುತ್ತಿದ್ದರೆ ಅದು ಚಾಳೀಸಲ್ಲ, ಪೊರೆ ಇರಬಹುದು. ಆಗ ಹೋಗಬೇಕಾದದ್ದು ಕೋವಿಯ ಅಂಗಡಿಗಲ್ಲ, ಆಸ್ಪತ್ರೆಗೆ.

ದೂರದ ಅಮೆರಿಕದ ಈ ಕಥೆ ನಮಗೇಕೆ ಎನ್ನುವಿರಾ? ರೂಸ್‌ವೆಲ್ಟರು ಹೊಗಳಿದ ಆ .405 ವಿಂಚೆಸ್ಟರ್ ನಮ್ಮ ಕಾಡುಗಳಿಗೂ ಬಂದಿತ್ತು. ಬೆಂಗಳೂರಿನಲ್ಲಿ ನೆಲೆಸಿ, 1974ರಲ್ಲಿ ಅಲ್ಲಿಯೇ ತೀರಿಕೊಂಡ ಕೆನೆತ್ ಆಂಡರ್ಸನ್ ನರಭಕ್ಷಕಗಳ ಬೆನ್ನುಹತ್ತಿದ್ದು ಅದೇ ಕೋವಿ ಹಿಡಿದು. ಅವರ ಮೊದಲ ಪುಸ್ತಕ ಬಂದದ್ದು 1954ರಲ್ಲಿ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮೂಲಕ ಆ ಬೇಟೆಗಳನ್ನು ಕನ್ನಡದಲ್ಲಿ ಓದದ ಮನೆ ಅಪರೂಪ. ಹುಲಿ ಚಿರತೆಗಳು ನರಭಕ್ಷಕಗಳಾಗಲು, ಯಾರೋ ಹೊಡೆದು ಕೊಲ್ಲಲಾರದೆ ಬಿಟ್ಟ ಗಾಯ ಎಷ್ಟೋ ವೇಳೆ ಕಾರಣವೆಂಬುದು ಆಂಡರ್ಸನ್ನರ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಕುಮಾವೂಂ ಬೆಟ್ಟಗಳಲ್ಲಿ 1907ರಲ್ಲಿ ಜಿಮ್ ಕಾರ್ಬೆಟ್ ಹೊಡೆದ ಚಂಪಾವತದ ಹೆಣ್ಣುಹುಲಿ 436 ಜನರನ್ನು ಕೊಂದಿತ್ತೆಂದು ಲೆಕ್ಕ. ಅದರ ಬಾಯಿ ತೆರೆದು ನೋಡಿದಾಗ ಬಲಗಡೆಯ ಕೋರೆಹಲ್ಲುಗಳೆರಡೂ ಮುರಿದಿದ್ದವು, ಹಳೆಯ ಗುಂಡೇಟು. ಎಂದೋ ಯಾರೋ ಹಾರಿಸಿದ ಒಂದು ಗುಂಡು ತಾಗಬೇಕಾದಲ್ಲಿ ತಾಗಲಿಲ್ಲ. ಹಾರಿಸಿದವನು ಮನೆಗೆ ಹೋಗಿ ಮಲಗಿದ. ಅದರ ಸಾಲವನ್ನು ಸೌದೆ ತರಲು ಕಾಡಿಗೆ ಹೋದ ಹೆಂಗಸರು ತೀರಿಸಿದರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದಲೂ 1991ರ ತಿದ್ದುಪಡಿಯಿಂದಲೂ ನಮ್ಮಲ್ಲಿ ಮೋಜಿನ ಬೇಟೆ ಮುಗಿದ ಕಥೆಯಾಗಿದೆ. ಅದು ಒಳ್ಳೆಯದೇ ಆಯಿತು. ಇಂದು ನಮ್ಮ ಗುರಿಗಾರರ ಮುಂದಿರುವುದು ರೈಫಲ್ ಕ್ಲಬ್ಬಿನ ಕಾಗದದ ಗುರಿ. ಆದರೆ ಈ ಚರಿತ್ರೆ ಕಲಿಸುವ ಪಾಠ ಕೋವಿಗೆ ಮಾತ್ರ ಸೇರಿದ್ದಲ್ಲ. ಲೈಮನ್ನನ ಉಂಗುರವಾಗಲಿ, ವೀವರನ ದುರ್ಬೀನಾಗಲಿ ಪ್ರಯೋಜನಕ್ಕೆ ಬಂದದ್ದು, “ನನಗೆ ಮೊದಲಿನಂತೆ ಕಾಣುತ್ತಿಲ್ಲ” ಎಂದು ಒಪ್ಪಿಕೊಂಡವರಿಗೆ ಮಾತ್ರ. ಒಪ್ಪದವರ ಕೈಯಲ್ಲಿ ಎಂಥ ಒಳ್ಳೆಯ ಕೋವಿಯೂ ಒಂದು ಗೇಣು ಪಕ್ಕಕ್ಕೆ ಹೊಡೆಯಿತು. ರಾತ್ರಿ ಹೊತ್ತು ಮೋಟಾರು ನಡೆಸುವ ಹಿರಿಯರು, ಔಷಧದ ಸೀಸೆಯ ಮೇಲಿನ ಸಣ್ಣ ಅಕ್ಷರವನ್ನು ಅಂದಾಜಿನ ಮೇಲೆ ಓದುವವರು, ಇವರಿಗೂ ಆ ಮಾತು ಸಲ್ಲುತ್ತದೆ.

ಈಗ ಪುಟವನ್ನು ಎಷ್ಟು ದೂರದಲ್ಲಿ ಹಿಡಿದಿದ್ದೀರೆಂದು ಇನ್ನೊಮ್ಮೆ ನೋಡಿಕೊಳ್ಳಿ. ಕೈ ಪೂರ್ತಿ ಚಾಚಿದ್ದರೆ, ಅಚ್ಚಿನ ಮನೆಯವರನ್ನು ಬೈಯುವುದನ್ನು ಬಿಟ್ಟು, ನಾಳೆಯೇ ಕಣ್ಣಿನ ವೈದ್ಯರನ್ನು ಕಂಡು ಬನ್ನಿ.